38 ಸರಿಯೋ, 27.5 ಸರಿಯೋ? ಮಣ್ಣಿನ ತೇವಾಂಶದ ಲೆಕ್ಕ

ಪ್ರಶ್ನೆ: ಕೊಡಗಿನ ಸುಂಟಿಕೊಪ್ಪದ ಹತ್ತಿರ ನಮ್ಮದು 12 ಎಕರೆ ರೋಬಸ್ಟಾ ಕಾಫಿ ತೋಟ. ಮರಗಳಿಗೆ ಕರಿಮೆಣಸು ಹಬ್ಬಿಸಿದ್ದೇವೆ. ಪುತ್ತರಿ ಹಬ್ಬದ (ನವೆಂಬರ್-ಡಿಸೆಂಬರ್) ಹೊತ್ತಿಗೆ ತೋಟದ ಮಣ್ಣನ್ನು ಒಂದು ಲ್ಯಾಬಿಗೆ ಕೊಟ್ಟಿದ್ದೆ. ತೇವಾಂಶ 38 ಪರ್ಸೆಂಟ್ ಅಂತ ರಿಪೋರ್ಟ್ ಬಂತು. ಅದೇ ಮಣ್ಣಿನಲ್ಲಿ ಒಂದಿಷ್ಟನ್ನು ಮಗಳು ಮನೆಯ ಓವನ್‌ನಲ್ಲಿ ಒಣಗಿಸಿ, ತೂಕ ಮಾಡಿ, 27.5 ಅಂತಾಳೆ. ಗದ್ದೆ ಬದಿಯ ಕೆಸರಿಗಂತೂ ಲ್ಯಾಬಿನವರು 112 ಬರೆದಿದ್ದಾರೆ. ನೂರಕ್ಕಿಂತ ಜಾಸ್ತಿ ತೇವ ಇರುವುದು ಹೇಗೆ? ಲ್ಯಾಬಿನಲ್ಲಿ ಇದನ್ನು ಹೇಗೆ ಅಳೆಯುತ್ತಾರೆ? ಯಾವ ಲೆಕ್ಕ ನಂಬಿ ಸ್ಪ್ರಿಂಕ್ಲರ್ ಹಾಕಬೇಕು? ಇನ್ನೊಂದು ಮಾತು. ಮನೆ ಹಿಂದೆ ಎತ್ತರದ ಬರೆ, ಅಂದರೆ ಕಡಿದಾದ ಮಣ್ಣಿನ ಇಳಿಜಾರು ಇದೆ. ಎಷ್ಟು ತೇವಾಂಶ ಬಂದರೆ ಅದು ಜಾರುತ್ತದೆ ಅಂತ ಮಣ್ಣು ಪರೀಕ್ಷೆಯಲ್ಲಿ ಗೊತ್ತಾಗುತ್ತದೆಯೇ?

ಉತ್ತರ: ಮೊದಲು ಸಮಾಧಾನದ ಮಾತು. ಲ್ಯಾಬಿನವರೂ ತಪ್ಪಿಲ್ಲ, ನಿಮ್ಮ ಮಗಳೂ ತಪ್ಪಿಲ್ಲ. ಇಬ್ಬರೂ ಅಳೆದದ್ದು ಅಷ್ಟೇ ನೀರನ್ನು. ಭಾಗಿಸಿದ್ದು ಮಾತ್ರ ಬೇರೆ ಬೇರೆ ತೂಕದಿಂದ.

ನೀವು ಕಾಫಿ ಬೆಳೆಗಾರರು. ತೇವಾಂಶ ಅಂದರೆ ನಿಮಗೆ ಹೊಸ ಮಾತಲ್ಲ. ಕಣದಲ್ಲಿ ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ಸುಲಿದ ಕಾಫಿ ಬೀಜ) ಒಣಗಿಸುವಾಗ 10, 11ರ ಆಸುಪಾಸಿಗೆ ಬಂತಾ ಅಂತ ಮೀಟರ್ ಹಿಡಿದು ನೋಡುತ್ತೀರಿ. ಅಲ್ಲಿ ಲೆಕ್ಕ ಹೀಗೆ: 100 ಗ್ರಾಂ ಕಾಫಿಯಲ್ಲಿ 10 ಗ್ರಾಂ ನೀರಿದ್ದರೆ ತೇವಾಂಶ 10. ಅಂದರೆ ನೀರು ಸೇರಿದ ಒಟ್ಟು ತೂಕದಿಂದ ಭಾಗಿಸುತ್ತಾರೆ. ಭತ್ತಕ್ಕೂ ಹಾಗೆಯೇ, ಮೆಣಸಿಗೂ ಹಾಗೆಯೇ. ಮಣ್ಣಿನ ಲ್ಯಾಬಿನಲ್ಲಿ ಪದ್ಧತಿ ಬೇರೆ. ಅಲ್ಲಿ ನೀರಿನ ತೂಕವನ್ನು ಒಣಗಿದ ಮಣ್ಣಿನ ತೂಕದಿಂದ ಭಾಗಿಸುತ್ತಾರೆ. ನಿಮ್ಮ ಮಗಳು ಕಾಫಿಯ ಲೆಕ್ಕ ಹಿಡಿದಿದ್ದಾಳೆ, ಲ್ಯಾಬಿನವರು ಮಣ್ಣಿನ ಲೆಕ್ಕ ಹಿಡಿದಿದ್ದಾರೆ.

ಅಂಕಿ ಇಟ್ಟೇ ನೋಡೋಣ. ಖಾಲಿ ಡಬ್ಬಿಯ ತೂಕ 24.36 ಗ್ರಾಂ ಅಂತ ಇಟ್ಟುಕೊಳ್ಳಿ. ಹಸಿ ಮಣ್ಣು ಹಾಕಿದಾಗ 78.18. ಒಣಗಿಸಿ ತೆಗೆದಾಗ 63.36. ಹೋದ ನೀರು 14.82 ಗ್ರಾಂ. ಉಳಿದ ಒಣ ಮಣ್ಣು 39 ಗ್ರಾಂ. 14.82ನ್ನು 39ರಿಂದ ಭಾಗಿಸಿದರೆ 38 ಪರ್ಸೆಂಟ್. ಅದೇ 14.82ನ್ನು ಹಸಿ ಮಣ್ಣಿನ ತೂಕವಾದ 53.82ರಿಂದ ಭಾಗಿಸಿದರೆ 27.5. ಸಿಕ್ಕಿತಲ್ವಾ?

ಕೆಸರಿನ 112 ಕೂಡ ಈಗ ಬಿಡಿಸಿಕೊಳ್ಳುತ್ತದೆ. 100 ಗ್ರಾಂ ಒಣ ಮಣ್ಣಿನ ಜೊತೆ 112 ಗ್ರಾಂ ನೀರಿದೆ ಅಂತ ಅದರ ಅರ್ಥ. ಮಗಳ ಲೆಕ್ಕದಲ್ಲಿ ಅದು 53ರ ಹತ್ತಿರ ಬರುತ್ತದೆ. ಕೊಳೆತ ಎಲೆ, ಬೇರು ತುಂಬಿದ ಕಪ್ಪು ಕೆಸರಿಗೆ ನೂರು ದಾಟುವುದು ಮಾಮೂಲು. ರಿಪೋರ್ಟಿನಲ್ಲಿ ಹಾಗೆ ಕಂಡರೆ ಗಾಬರಿ ಬೇಡ.

ಒಣ ತೂಕವನ್ನೇ ಯಾಕೆ ಹಿಡಿಯುತ್ತಾರೆ ಅಂದರೆ, ಅದು ಬದಲಾಗುವುದಿಲ್ಲ. ಇವತ್ತು ಮಳೆ ಬರಲಿ, ನಾಳೆ ಬಿಸಿಲು ಕಾಯಲಿ, ಆ 39 ಗ್ರಾಂ ಮಣ್ಣು 39 ಗ್ರಾಂ ಆಗಿಯೇ ಇರುತ್ತದೆ. ಹಸಿ ತೂಕ ಹಾಗಲ್ಲ, ನೀರಿನ ಜೊತೆ ಅದೂ ಏರುತ್ತದೆ, ಇಳಿಯುತ್ತದೆ. ಫೆಬ್ರವರಿಯ ಅಂಕಿಯನ್ನು ಜೂನ್ ಅಂಕಿಯ ಪಕ್ಕ ಇಟ್ಟು, ನಡುವೆ ಎಷ್ಟು ನೀರು ಸೇರಿತು ಅಂತ ನೋಡಬೇಕಾದರೆ ಅಲುಗಾಡದ ಒಂದು ತೂಕ ಬೇಕು. ನನ್ನ ಮಟ್ಟಿಗೆ ಇದು ಬರೀ ರೂಢಿಯಲ್ಲ, ಸರಿಯಾದ ದಾರಿ. ಆದರೆ ಯಾವ ತೂಕದ ಮೇಲೆ ಲೆಕ್ಕ ಹಾಕಿದ್ದು ಅನ್ನುವುದನ್ನು ರಿಪೋರ್ಟಿನಲ್ಲಿ ಬರೆಯಲೇಬೇಕು. ಎಷ್ಟೋ ರಿಪೋರ್ಟುಗಳಲ್ಲಿ ಬರೀ "ತೇವಾಂಶ" ಅಂತಿರುತ್ತದೆ. ಬೆಳೆಗಾರರು ಪಾಪ ಏನಂತ ತಿಳಿದುಕೊಳ್ಳಬೇಕು? ಮುಂದಿನ ಸಲ ಲ್ಯಾಬಿಗೆ ಹೋದಾಗ ಕೇಳಿ. ಕೇಳುವ ಹಕ್ಕು ನಿಮಗಿದೆ.

ಇನ್ನು ಲ್ಯಾಬಿನಲ್ಲಿ ಏನು ಮಾಡುತ್ತಾರೆ ಅನ್ನುವುದು. ಕೇಳಲು ಬಹಳ ಸರಳ. ಹಸಿ ಮಣ್ಣು ತೂಗು, ಒಣಗಿಸು, ಮತ್ತೆ ತೂಗು. ಆದರೆ ನನ್ನ ಅನುಭವದಲ್ಲಿ ಇಷ್ಟು ಸರಳ ಪರೀಕ್ಷೆಯಲ್ಲಿ ಕೆಡುವಷ್ಟು ಫಲಿತಾಂಶ ಬೇರೆಯದರಲ್ಲಿ ಕೆಡುವುದಿಲ್ಲ. ಕೆಡುವುದು ಹೆಚ್ಚಾಗಿ ಓವನ್ ಒಳಗಲ್ಲ. ತೋಟದಿಂದ ಲ್ಯಾಬಿಗೆ ಬರುವ ದಾರಿಯಲ್ಲಿ.

ಗೊಬ್ಬರದ ಲೆಕ್ಕಕ್ಕೆ ಮಣ್ಣು ಕೊಡುವಾಗ ಏನು ಮಾಡುತ್ತೀರಿ? ಹತ್ತಾರು ಕಡೆ ತೆಗೆದು, ಕಲಸಿ, ಪೇಪರ್ ಮೇಲೆ ಹರಡಿ ನೆರಳಲ್ಲಿ ಒಣಗಿಸಿ, ಬಟ್ಟೆ ಚೀಲದಲ್ಲಿ ಕಟ್ಟಿ ಕೊಡುತ್ತೀರಿ. ಅದಕ್ಕೆ ಅದು ಸರಿ. ತೇವಾಂಶಕ್ಕೆ ಅದೇ ಅಭ್ಯಾಸ ಹಿಡಿದರೆ ಅಳೆಯಬೇಕಾದ ನೀರು ನಿಮ್ಮ ಜಗಲಿಯಲ್ಲೇ ಆರಿಹೋಗಿರುತ್ತದೆ. ತೇವಾಂಶದ ಮಣ್ಣನ್ನು ತೆಗೆದ ಕೂಡಲೇ ಬಿಗಿ ಮುಚ್ಚಳದ ಡಬ್ಬಿಗೆ ತುಂಬಬೇಕು. ಡಬ್ಬಿ ಇಲ್ಲದಿದ್ದರೆ ದಪ್ಪ ಪ್ಲಾಸ್ಟಿಕ್ ಕವರ್, ಒಂದರೊಳಗೆ ಒಂದು, ಒಳಗೆ ಗಾಳಿ ಆದಷ್ಟು ಕಡಿಮೆ. ಮುಚ್ಚಳದ ಸುತ್ತ ಟೇಪ್. ಜೀಪಿನ ಡ್ಯಾಶ್‌ಬೋರ್ಡ್ ಮೇಲೆ ಬಿಸಿಲಿಗೆ ಇಡಬೇಡಿ. ಅವತ್ತೇ ಕೊಟ್ಟರೆ ಒಳ್ಳೆಯದು.

ಇಲ್ಲೊಂದು ಸಣ್ಣ ಸಂಗತಿ ಇದೆ. ಡಬ್ಬಿ ಸ್ವಲ್ಪ ಬಿಸಿಯಾದರೆ ಮುಚ್ಚಳದ ಒಳಮೈಯಲ್ಲಿ ಸಣ್ಣ ಸಣ್ಣ ಹನಿ ಕೂರುತ್ತದೆ. ಮುಚ್ಚಳ ತೆಗೆದವರು ಅದನ್ನು ಸುಮ್ನೆ ಬಟ್ಟೆಯಿಂದ ಒರೆಸಿಬಿಡುತ್ತಾರೆ. ಆ ಹನಿ ಹೊರಗಿನದಲ್ಲ, ನಿಮ್ಮ ಮಣ್ಣಿನದೇ ನೀರು. ಅದು ತೂಕಕ್ಕೆ ಸೇರಲೇಬೇಕು. ಅದಕ್ಕೇ ತಿಳಿದವರು ಮುಚ್ಚಳ ಸಮೇತ ತೂಗುತ್ತಾರೆ, ಮುಚ್ಚಳವನ್ನೂ ಡಬ್ಬಿಯ ಕೆಳಗಿಟ್ಟು ಓವನ್‌ನೊಳಗೆ ಕಳಿಸುತ್ತಾರೆ. ಡಬ್ಬಿಗೂ ಮುಚ್ಚಳಕ್ಕೂ ಒಂದೇ ನಂಬರ್ ಕೊರೆದಿರುವುದು ಅದಕ್ಕಾಗಿಯೇ. 17ರ ಡಬ್ಬಿಗೆ 71ರ ಮುಚ್ಚಳ ಹೋದರೆ ತೂಕ ಪೂರ್ತಿ ಏರುಪೇರು.

ಎಷ್ಟು ಮಣ್ಣು ಬೇಕು ಅನ್ನುವುದು ಮಣ್ಣಿನಲ್ಲಿ ಎಷ್ಟು ದಪ್ಪದ ಹರಳಿದೆ ಅನ್ನುವುದರ ಮೇಲೆ ನಿಂತಿದೆ. ನಮ್ಮ ದೇಶದ ಲ್ಯಾಬುಗಳು ಹಿಡಿಯುವ ಮಾನದಂಡ ಐಎಸ್ (ಇಂಡಿಯನ್ ಸ್ಟ್ಯಾಂಡರ್ಡ್) 2720ರ ಎರಡನೇ ಭಾಗ, 1973ರದ್ದು. ಅದರ ಪ್ರಕಾರ ತೀರಾ ನುಣುಪಾದ ಮಣ್ಣಿಗೆ 25 ಗ್ರಾಂ ಸಾಕು. 20 ಮಿಲಿಮೀಟರ್ ತನಕದ ಹರಳಿದ್ದರೆ 500 ಗ್ರಾಂ ಬೇಕು. ನಿಮ್ಮ ಕಡೆ ಕೆಂಪು ಮಣ್ಣಿನ ಜೊತೆ ಜಂಬಿಟ್ಟಿಗೆಯ ಚೂರು ಇರುವುದು ಸಾಮಾನ್ಯ. ಅಂಥ ಒಂದು ಕಲ್ಲು ಪುಟ್ಟ ಡಬ್ಬಿಗೆ ಬಿದ್ದರೆ ಒಣ ತೂಕ ಏರಿ, ತೇವಾಂಶ ಸುಳ್ಳೇ ಇಳಿದಂತೆ ಕಾಣುತ್ತದೆ. ಹಾಗಾಗಿ ಜಾಸ್ತಿ ಮಣ್ಣು ಕೊಡಿ. ಒಂದೇ ಮಣ್ಣಿನಿಂದ ಮೂರು ಡಬ್ಬಿ ಇಡಲು ಹೇಳಿ. ಮೂರರ ಉತ್ತರವೂ ಹತ್ತಿರ ಹತ್ತಿರ ಬಂದರೆ ಆ ಅಂಕಿಯನ್ನು ನಂಬಬಹುದು.

ಓವನ್ ಬಿಸಿ 105ರಿಂದ 110 ಡಿಗ್ರಿ ಸೆಲ್ಸಿಯಸ್. ಮಡಿಕೇರಿ ಎತ್ತರದಲ್ಲಿ ನೀರು 96 ಡಿಗ್ರಿಯ ಹತ್ತಿರವೇ ಕುದಿಯುತ್ತದೆ, ಮತ್ತೆ 105 ಯಾಕೆ ಅಂತ ಒಬ್ಬ ವಿದ್ಯಾರ್ಥಿ ಕೇಳಿದ್ದ. ಒಳ್ಳೆಯ ಪ್ರಶ್ನೆ. ಮಣ್ಣಿನ ನೀರೆಲ್ಲ ಪಾತ್ರೆಯ ನೀರಿನಂತೆ ಬಿಡಿಯಾಗಿ ಇರುವುದಿಲ್ಲ. ಜೇಡಿಯ ಕಣಗಳ ಮೈಗೆ ತೆಳ್ಳಗೆ ಅಂಟಿಕೊಂಡ ನೀರೂ ಇರುತ್ತದೆ. ಅದನ್ನು ಬಿಡಿಸಲು ಸ್ವಲ್ಪ ಹೆಚ್ಚು ಬಿಸಿ ಬೇಕು. ಹಾಗಂತ 150, 200ಕ್ಕೆ ಏರಿಸಿದರೆ ಎಲೆಗೊಬ್ಬರದ ಅಂಶವೇ ಸುಟ್ಟು ಹೋಗುತ್ತದೆ. ಆ ತೂಕವೂ ನೀರಿನ ಲೆಕ್ಕಕ್ಕೆ ಬಂದು ಕೂರುತ್ತದೆ. ನಿಮ್ಮ ತೋಟದ ಮೇಲ್ಮಣ್ಣಿನಲ್ಲಿ ವರ್ಷಾನುವರ್ಷದ ದರಗು (ಉದುರಿದ ಒಣ ಎಲೆ) ಕೊಳೆತು ಸೇರಿದೆ. ನೆರಳಿನ ತೋಟದ ನಿಜವಾದ ಆಸ್ತಿ ಅದು. ಹಾಗಾಗಿ ಬಿಸಿ ಏರಿಸಿ ಬೇಗ ಮುಗಿಸುವ ಆತುರ ಇಲ್ಲಿ ಸಲ್ಲದು. ಗದ್ದೆ ಬದಿಯ ಆ ಕಪ್ಪು ಕೆಸರಿನಂಥ ಮಣ್ಣಾದರೆ 60 ಡಿಗ್ರಿಯಲ್ಲಿ ಜಾಸ್ತಿ ಹೊತ್ತು ಒಣಗಿಸುವುದು ಮೇಲು.

ಸ್ಪಿರಿಟ್ ಸುರಿದು ಬೆಂಕಿ ಹಚ್ಚಿ ಒಣಗಿಸುವ ಒಂದು ಬೇಗದ ವಿಧಾನವೂ ಇದೆ. ರಸ್ತೆ ಕೆಲಸದ ಮೊರಂ (ಗರಸು) ಮಣ್ಣಿಗೆ ಅದು ನಡೆಯುತ್ತದೆ. ದರಗು ಕೊಳೆತ ತೋಟದ ಮಣ್ಣಿಗೆ ಖಂಡಿತ ಬೇಡ.

ಸಾಮಾನ್ಯವಾಗಿ ಓವನ್‌ನಲ್ಲಿ 24 ಗಂಟೆ ಇಡುತ್ತಾರೆ. ಮರಳಾದರೆ ಬೇಗ ಆಗುತ್ತದೆ, ಜೇಡಿ ನಿಧಾನ. ಆದರೆ ಗಡಿಯಾರಕ್ಕಿಂತ ತಕ್ಕಡಿಯನ್ನೇ ನಂಬಬೇಕು. ತೂಗಿ, ಮತ್ತೆ ಒಂದೆರಡು ಗಂಟೆ ಓವನ್‌ನಲ್ಲಿಟ್ಟು, ಮತ್ತೆ ತೂಗಬೇಕು. ತೂಕ ಇಳಿಯುವುದು ನಿಂತರೆ ಮಣ್ಣು ಒಣಗಿದೆ ಅಂತ ಅರ್ಥ. ಕೊಡಗಿನಲ್ಲಿ ಇದು ಇನ್ನೂ ಮುಖ್ಯ. ಜೂನ್, ಜುಲೈನಲ್ಲಿ ಮರ ಬಿದ್ದು ಕರೆಂಟ್ ಹೋದರೆ ರಾತ್ರಿಯೆಲ್ಲ ಬರುವುದಿಲ್ಲ. ಸಂಜೆ ಇಟ್ಟ ಮಣ್ಣನ್ನು ಮರುದಿನ ಸಂಜೆ 24 ಗಂಟೆ ಆಯಿತು ಅಂತ ತೆಗೆದರೆ, ಅದರಲ್ಲಿ ಬಿಸಿ ಇದ್ದದ್ದು ಎಷ್ಟು ಹೊತ್ತು? ಅಂಥ ಹೊತ್ತಲ್ಲಿ ಮಣ್ಣನ್ನು ಎಸೆಯಬೇಕಾಗಿಲ್ಲ. ಮತ್ತೆ ಓವನ್ ಹಾಕಿ, ತೂಕ ನಿಲ್ಲುವ ತನಕ ಕಾದರೆ ಆಯಿತು. ಇನ್ನೊಂದು ತಪ್ಪೂ ಆಗುತ್ತದೆ. ಅರ್ಧ ಒಣಗಿದ ಡಬ್ಬಿಗಳ ಮಧ್ಯೆ ಹೊಸದಾಗಿ ತಂದ ಹಸಿ ಮಣ್ಣನ್ನು ತುರುಕುತ್ತಾರೆ. ಅದರ ಆವಿ ಓವನ್ ತುಂಬ ಹರಡಿ, ಮೊದಲಿನ ಮಣ್ಣು ಒಣಗುವುದು ತಡವಾಗುತ್ತದೆ.

ಒಣಗಿದ ಮೇಲೆ ಬಿಸಿ ಡಬ್ಬಿಯನ್ನು ನೇರ ತಕ್ಕಡಿ ಮೇಲೆ ಇಡಬಾರದು. ಬಿಸಿಗೆ ಮೇಲೇಳುವ ಗಾಳಿ ತಟ್ಟೆಯನ್ನು ಎತ್ತುತ್ತದೆ, ತೂಕ ಕಡಿಮೆ ತೋರಿಸುತ್ತದೆ, ಅಂಕಿ ಒಂದು ಕಡೆ ನಿಲ್ಲುವುದಿಲ್ಲ. ಹಾಗಂತ ಮೇಜಿನ ಮೇಲೆ ತೆರೆದಿಟ್ಟು ಆರಿಸುವುದೂ ತಪ್ಪು. ಮಳೆಗಾಲದಲ್ಲಿ ಮಡಿಕೇರಿಯ ಗಾಳಿ ಹೇಗಿರುತ್ತದೆ ಅಂತ ನಿಮಗೆ ಹೇಳಬೇಕಾ? ಬೀರುವಿನ ಬಟ್ಟೆಗೇ ಬೂಷ್ಟು ಹಿಡಿಯುತ್ತದೆ. ಒಣಗಿದ ಜೇಡಿ ಆ ಗಾಳಿಯಿಂದ ನೀರು ಎಳೆದುಕೊಳ್ಳಲು ಶುರು ಮಾಡುತ್ತದೆ, ನೋಡನೋಡುತ್ತಿದ್ದಂತೆ ತಕ್ಕಡಿಯ ಕೊನೆಯ ಅಂಕಿ ಏರುತ್ತದೆ. ಅದಕ್ಕೆ ಮುಚ್ಚಳ ಹಾಕಿ ಡೆಸಿಕೇಟರ್ ಒಳಗೆ ಆರಿಸಬೇಕು. ಅಡಿಯಲ್ಲಿ ಸಿಲಿಕಾ ಜೆಲ್ ಹಾಕಿದ ಗಾಜಿನ ಪಾತ್ರೆ ಅದು. ಬಣ್ಣ ಬದಲಿಸುವ ಜೆಲ್ ಒಣಗಿದ್ದಾಗ ನೀಲಿ, ನೀರು ಹೀರಿ ದಣಿದಾಗ ಗುಲಾಬಿ. ನೀವು ಲ್ಯಾಬಿಗೆ ಹೋದಾಗ ಅದರ ಬಣ್ಣ ನೋಡಿ. ಆಗಸ್ಟ್ ತಿಂಗಳಲ್ಲೂ ನೀಲಿಯಾಗಿಯೇ ಇಟ್ಟುಕೊಂಡ ಲ್ಯಾಬನ್ನು ನಾನು ಧೈರ್ಯವಾಗಿ ನಂಬುತ್ತೇನೆ.

ಮನೆಯಲ್ಲಿ ಮಾಡಬಹುದೇ ಅಂದರೆ, ಮಾಡಬಹುದು. ನಿಮ್ಮ ಮಗಳು ಮಾಡಿದ ಕೆಲಸ ನನಗೆ ಬಹಳ ಇಷ್ಟವಾಯಿತು. ಅವಳಿಗೆ ಎರಡೇ ಮಾತು. ಅಡುಗೆಮನೆಯ ತಕ್ಕಡಿ 1 ಗ್ರಾಂ ತನಕ ಮಾತ್ರ ತೋರಿಸುವುದಾದರೆ 50 ಗ್ರಾಂ ಮಣ್ಣು ಸಾಲದು. ನೀರಿನ ತೂಕದಲ್ಲಿ 1 ಗ್ರಾಂ ಆಚೀಚೆ ಆದರೂ ಉತ್ತರ 38ರ ಬದಲು 35 ಬರಬಹುದು, 40 ದಾಟಲೂಬಹುದು. 300 ಗ್ರಾಂ ತೆಗೆದುಕೊಂಡರೆ ಅದೇ 1 ಗ್ರಾಂ ಲೆಕ್ಕಕ್ಕೇ ಬರುವುದಿಲ್ಲ. ಎರಡನೆಯದು, ಮೈಕ್ರೋವೇವ್ ಬಳಸಿದರೆ ಕಡಿಮೆ ಬಿಸಿಯಲ್ಲಿ, ಸ್ವಲ್ಪ ಸ್ವಲ್ಪ ಹೊತ್ತು, ನಡುನಡುವೆ ಮಣ್ಣು ಕೈಯಾಡಿಸುತ್ತಾ ಮಾಡಬೇಕು. ಒಮ್ಮೆಗೇ ಬಿಟ್ಟರೆ ದರಗಿನ ಚೂರು ಹೊಗೆಯಾಡುತ್ತದೆ. ಊಟದ ಪಾತ್ರೆ ಬೇಡ.

ಈಗ ನೀವು ಕೇಳಿದ ಮುಖ್ಯ ಮಾತಿಗೆ ಬರೋಣ. ಸ್ಪ್ರಿಂಕ್ಲರ್ ಹಾಕಲು 38 ಇಟ್ಟುಕೊಂಡು ಏನು ಮಾಡುವುದು? ನಿಜ ಹೇಳಬೇಕೆಂದರೆ, 38 ಒಂದರಿಂದಲೇ ಏನೂ ತಿಳಿಯುವುದಿಲ್ಲ. ಇನ್ನೂ ಎರಡು ಅಂಕಿ ಬೇಕು.

ಮೊದಲನೆಯದು ಮಣ್ಣಿನ ಸಾಂದ್ರತೆ. ಕೋರ್ ಕಟರ್ ಅಂತ ಒಂದು ಉಕ್ಕಿನ ಕೊಳವೆ ಇರುತ್ತದೆ. 100 ಮಿಲಿಮೀಟರ್ ಅಗಲ, 130 ಮಿಲಿಮೀಟರ್ ಎತ್ತರ, ಒಳಗೆ ಹಿಡಿಯುವುದು ಸುಮಾರು 1,021 ಘನ ಸೆಂಟಿಮೀಟರ್. ಮೇಲಿನ ದರಗು ಸರಿಸಿ, ಕೊಳವೆಯನ್ನು ನೇರವಾಗಿ ಮಣ್ಣಿಗೆ ಇಳಿಸಿ, ಸುತ್ತ ಅಗೆದು ತೆಗೆದು, ಎರಡೂ ತುದಿ ಚಾಕುವಿನಿಂದ ಸಮ ಮಾಡಿ ತೂಗುತ್ತಾರೆ. ಒಳಗಿನ ಹಸಿ ಮಣ್ಣು 1,550 ಗ್ರಾಂ ಬಂತು ಅಂತ ಇಟ್ಟುಕೊಳ್ಳಿ. ಅದನ್ನು 1.38ರಿಂದ ಭಾಗಿಸಿದರೆ ಒಣ ಮಣ್ಣಿನ ತೂಕ, ಅದನ್ನು 1,021ರಿಂದ ಭಾಗಿಸಿದರೆ ಒಣ ಸಾಂದ್ರತೆ 1.10. ಇದನ್ನು 38ಕ್ಕೆ ಗುಣಿಸಿದರೆ ಸುಮಾರು 42. ಇದು ಗಾತ್ರದ ಲೆಕ್ಕದ ತೇವಾಂಶ. ಅಂದರೆ 100 ಲೀಟರ್ ಜಾಗದ ಮಣ್ಣಿನಲ್ಲಿ 42 ಲೀಟರ್ ನೀರು. ಮಣ್ಣಿಗೆ ಚುಚ್ಚುವ ಎಲೆಕ್ಟ್ರಾನಿಕ್ ಸೆನ್ಸರ್‌ಗಳು ಹೆಚ್ಚಾಗಿ ತೋರಿಸುವುದು ಈ ಅಂಕಿಯನ್ನೇ. ಒಂದೇ ಮಣ್ಣಿಗೆ 27.5, 38, 42 ಮೂರೂ ಸರಿ ಅನ್ನುವುದು ಹೀಗೆ. ಅಂದ ಹಾಗೆ, ಸೆನ್ಸರ್ ಕೊಂಡರೆ ನಿಮ್ಮದೇ ತೋಟದ ಮಣ್ಣಿನಲ್ಲಿ ಓವನ್ ಲೆಕ್ಕದ ಜೊತೆ ಹೋಲಿಸಿ ಸರಿಮಾಡಿಕೊಳ್ಳಿ. ಕಂಪನಿಯ ಸೆಟ್ಟಿಂಗ್ ನಮ್ಮ ಕೆಂಪು ಮಣ್ಣಿಗೆ ಹೊಂದಲೇಬೇಕು ಅಂತೇನಿಲ್ಲ.

ಗಾತ್ರದ ಲೆಕ್ಕ ಸಿಕ್ಕಿತೋ, ನಿಮಗೆ ಗೊತ್ತಿರುವ ಇಂಚಿನ ಭಾಷೆಗೆ ಬರಬಹುದು. ಮೇಲಿನ 30 ಸೆಂಟಿಮೀಟರ್ ಮಣ್ಣಿನಲ್ಲಿ 42 ಪರ್ಸೆಂಟ್ ನೀರು ಅಂದರೆ ಸುಮಾರು 125 ಮಿಲಿಮೀಟರ್. ನಿಮ್ಮ ಮಳೆಮಾಪಕದ ಲೆಕ್ಕದಲ್ಲಿ ಹತ್ತಿರ ಹತ್ತಿರ 4 ಇಂಚು 90 ಸೆಂಟ್ಸ್ (ಒಂದು ಇಂಚಿಗೆ 100 ಸೆಂಟ್ಸ್). ಓದಲು ಖುಷಿಯಾಗುತ್ತದೆ. ಆದರೆ ಅದೆಲ್ಲ ಗಿಡಕ್ಕೆ ಸಿಗುವ ನೀರಲ್ಲ.

ಅದಕ್ಕೇ ಎರಡನೆಯ ಅಂಕಿ. ಮಣ್ಣು ಎಷ್ಟು ಒಣಗಿದರೆ ಬೇರಿಗೆ ನೀರು ಎಳೆಯಲು ಆಗುವುದಿಲ್ಲವೋ ಅದು ಬಾಡುವ ಹಂತ. ಲ್ಯಾಬಿನಲ್ಲಿ ಇದನ್ನು ಪ್ರೆಶರ್ ಪ್ಲೇಟ್ ಅನ್ನುವ ಉಪಕರಣದಲ್ಲಿ ಹಿಡಿಯುತ್ತಾರೆ. ನೆನೆಸಿದ ಮಣ್ಣಿನ ಮೇಲೆ 15 ಬಾರ್ ಒತ್ತಡ ಹಾಕುತ್ತಾರೆ. ಅಷ್ಟಾದರೂ ಮಣ್ಣು ಬಿಡದ ನೀರು ಎಷ್ಟು ಅಂತ ಮತ್ತೆ ಅದೇ ಓವನ್‌ನಲ್ಲಿ ಅಳೆಯುತ್ತಾರೆ. ಜೇಡಿ ಜಾಸ್ತಿ ಇದ್ದಷ್ಟೂ ಈ ಅಂಕಿ ಏರುತ್ತದೆ. ಲೆಕ್ಕಕ್ಕೆ ನಿಮ್ಮ ಮಣ್ಣಿನದು ಒಣ ತೂಕದ ಮೇಲೆ 24 ಪರ್ಸೆಂಟ್ ಅಂತ ಹಿಡಿಯೋಣ. ಆಗ 30 ಸೆಂಟಿಮೀಟರ್‌ನಲ್ಲಿ 79 ಮಿಲಿಮೀಟರ್ ನೀರು ಮಣ್ಣಿಗೇ ಮೀಸಲು. ಗಿಡಕ್ಕೆ ಉಳಿದದ್ದು 46 ಮಿಲಿಮೀಟರ್, ಅಂದರೆ 1 ಇಂಚು 80 ಸೆಂಟ್ಸ್. ಪಕ್ಕದ ತೋಟದ ಮರಳು ಮಿಶ್ರ ಮಣ್ಣಿನಲ್ಲಿ ತೇವಾಂಶ 22 ಮಾತ್ರ ಇರಬಹುದು. ಆದರೆ ಅದರ ಬಾಡುವ ಹಂತ 8 ಇದ್ದರೆ, ಅಲ್ಲಿನ ಗಿಡ ನಿಮ್ಮ ಗಿಡಕ್ಕಿಂತ ಕಷ್ಟದಲ್ಲೇನೂ ಇಲ್ಲ. "ನಮ್ಮದು 38, ಅವರದು 22" ಅಂತ ಹೋಲಿಸುವುದರಲ್ಲಿ ಅರ್ಥವಿಲ್ಲ ಅನ್ನುವುದು ಇದಕ್ಕೇ.

ಮೇಲಿನ ಮಿತಿಯೂ ಒಂದಿದೆ. ಜೋರು ಮಳೆ ನಿಂತು, ಹೆಚ್ಚಿನ ನೀರು ಬಸಿದು ಹೋದ ಮೇಲೆ ಮಣ್ಣು ಹಿಡಿದಿಟ್ಟುಕೊಳ್ಳುವಷ್ಟು. ಇದನ್ನು ಫೀಲ್ಡ್ ಕೆಪಾಸಿಟಿ ಅನ್ನುತ್ತಾರೆ. ಅದಕ್ಕಿಂತ ಜಾಸ್ತಿ ಹಾಕಿದ ನೀರು ಬೇರಿನ ಕೆಳಗೆ ಇಳಿದು ಹೋಗುತ್ತದೆ, ಜೊತೆಗೆ ಗೊಬ್ಬರವೂ.

ಪುತ್ತರಿ ಹೊತ್ತಿನ ಅಂಕಿ ನಿಮ್ಮ ಹೂಮಳೆ (ಹೂ ಅರಳಿಸಲು ಕೊಡುವ ನೀರು) ನಿರ್ಧಾರಕ್ಕೆ ಬರುವುದಿಲ್ಲ. ಆಗಿನ್ನೂ ಮಳೆಗಾಲದ ನೀರು ಮಣ್ಣಿನಲ್ಲಿರುತ್ತದೆ. ರೋಬಸ್ಟಾ ಮೊಗ್ಗು ಬಲಿಯಲು ಕೊಯ್ಲಿನ ನಂತರ ಒಂದಷ್ಟು ದಿನ ಒಣಗಲೇಬೇಕು, ಆಮೇಲೆ ಒಮ್ಮೆ ಚೆನ್ನಾಗಿ ನೀರು ಸಿಗಬೇಕು. ಹಾಗಾಗಿ ಫೆಬ್ರವರಿಯಲ್ಲಿ ಸ್ಪ್ರಿಂಕ್ಲರ್ ಹಾಕುವ ಮುಂಚೆ ಮತ್ತೆ ಮಣ್ಣು ತೆಗೆಸಿ. 0ಯಿಂದ 15, 15ರಿಂದ 30, 30ರಿಂದ 60 ಸೆಂಟಿಮೀಟರ್, ಮೂರು ಆಳದ್ದು ಬೇರೆ ಬೇರೆ ಡಬ್ಬಿಗೆ. ತೋಟದ ರಸ್ತೆ ಬದಿ, ಚರಂಡಿ, ತೊಟ್ಟಿಲು ಗುಂಡಿ (ಮಳೆನೀರು ಇಂಗಲು ತೋಡಿದ ಗುಂಡಿ) ಬಿಟ್ಟು, ಗಿಡದ ಕೊಂಬೆ ಹರಡಿದ ನೆರಳಿನೊಳಗೆ ತೆಗೆಯಿರಿ. ನೀರು ಹಾಕಿ ಎರಡು ದಿನ ಬಿಟ್ಟು ಅದೇ ಜಾಗದ ಪಕ್ಕ ಮತ್ತೆ ತೆಗೆಯಿರಿ. ಒಂದೂವರೆ ಇಂಚು ಹಾಕಿದ್ದೇವೆ ಅಂದುಕೊಂಡವರ ಮಣ್ಣಿನಲ್ಲಿ ಮುಕ್ಕಾಲು ಇಂಚು ಮಾತ್ರ ಸೇರಿದ್ದನ್ನು ಕಂಡಿದ್ದೇನೆ. ಗಾಳಿಗೆ ಹಾರಿದ್ದು, ಇಳಿಜಾರಿನಲ್ಲಿ ಹರಿದದ್ದು, ದರಗು ಕುಡಿದದ್ದು ಎಲ್ಲ ಅದರಲ್ಲಿ ಸೇರುತ್ತದೆ. ಒಂದು ಎಕರೆಗೆ 1 ಇಂಚು ನೀರು ಅಂದರೆ ಒಂದು ಲಕ್ಷ ಲೀಟರ್ ದಾಟುತ್ತದೆ. ಕೆರೆಯ ನೀರು, ಡೀಸೆಲ್, ಆಳಿನ ಕೂಲಿ, ರಾತ್ರಿಯ ನಿದ್ದೆ ಇಷ್ಟನ್ನೂ ಹಾಕಿ ಕೊಟ್ಟ ನೀರು ಎಲ್ಲಿಗೆ ಹೋಯಿತು ಅಂತ ತಿಳಿಯುವುದು ಬೇಡವೇ? ಮಣ್ಣು ಕೊಡುವ ಮುಂಚೆ ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರದಲ್ಲೋ, ಗೋಣಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರದಲ್ಲೋ ಕೇಳಿ ನೋಡಿ. ಬಾಡುವ ಹಂತದ ಪರೀಕ್ಷೆಯನ್ನು ಎಲ್ಲ ಲ್ಯಾಬುಗಳೂ ಮಾಡುವುದಿಲ್ಲ. ಒಂದು ಸಮಾಧಾನ ಅಂದರೆ, ಅದನ್ನು ವರ್ಷವರ್ಷ ಮಾಡಿಸಬೇಕಾಗಿಲ್ಲ. ಮಣ್ಣು ಬದಲಾಗದಿದ್ದರೆ ಒಮ್ಮೆ ಸಿಕ್ಕ ಅಂಕಿ ಬಹಳ ಕಾಲ ನಡೆಯುತ್ತದೆ.

ಕೊನೆಗೆ ಬರೆಯ ವಿಷಯ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲ ಕಡೆ ಬೆಟ್ಟಗಳು ಜಾರಿದ್ದನ್ನು, 2019ರಲ್ಲಿ ತೋರ, 2020ರಲ್ಲಿ ಬ್ರಹ್ಮಗಿರಿಯನ್ನು ನೋಡಿದ ಮೇಲೆ ಈ ಪ್ರಶ್ನೆ ಕೊಡಗಿನ ಪ್ರತಿ ಮನೆಯದೂ ಹೌದು. ಲ್ಯಾಬಿನಲ್ಲಿ ದ್ರವ ಮಿತಿ ಅಂತ ಒಂದು ಪರೀಕ್ಷೆ ಮಾಡುತ್ತಾರೆ. ಹಿತ್ತಾಳೆ ಬಟ್ಟಲಿನಲ್ಲಿ ಕಲಸಿದ ಮಣ್ಣು ಹಾಕಿ, ನಡುವೆ ಗೀರು ಎಳೆದು, ಬಟ್ಟಲನ್ನು ಕುಟ್ಟುತ್ತಾ ಹೋಗುತ್ತಾರೆ. 25 ಪೆಟ್ಟಿಗೆ ಗೀರು ಮುಚ್ಚಿಕೊಂಡರೆ ಆಗಿನ ತೇವಾಂಶವೇ ದ್ರವ ಮಿತಿ. ಅದನ್ನೂ ಅಳೆಯುವುದು ಇದೇ ಓವನ್‌ನಲ್ಲಿ. ಬರೆಯ ಮಣ್ಣಿನ ತೇವಾಂಶ ಆ ಮಿತಿಯ ಹತ್ತಿರ ಬಂದರೆ ಮಣ್ಣು ಮೆತ್ತಗಾಗಿದೆ ಅಂತ ತಿಳಿಯುತ್ತದೆ. ಆದರೆ ಇಷ್ಟಾದರೆ ಜಾರುತ್ತದೆ ಅನ್ನುವ ಒಂದು ಅಂಕಿಯನ್ನು ನಾನು ಕೊಡಲಾರೆ. ಯಾರಾದರೂ ಕೊಟ್ಟರೆ ನಂಬಬೇಡಿ. ಬರೆ ಜಾರುವುದು ಅದರ ಇಳಿಜಾರು, ಬುಡವನ್ನು ಎಷ್ಟು ಕಡಿದು ಹಾಕಿದ್ದೀರಿ, ಒಳಗೆ ಮಣ್ಣಿನ ಪದರ ಹೇಗಿದೆ, ಮಣ್ಣಿನ ಸಂದಿಯಲ್ಲಿ ನಿಂತ ನೀರು ಎಷ್ಟು ಒತ್ತುತ್ತಿದೆ ಅನ್ನುವುದೆಲ್ಲ ಸೇರಿ. ಮೇಲಿಂದ ತೆಗೆದ ಒಂದು ಡಬ್ಬಿ ಮಣ್ಣು ಹತ್ತಾರು ಅಡಿ ಒಳಗಿನದನ್ನು ಹೇಳುವುದಿಲ್ಲ. ಭೂವಿಜ್ಞಾನ ತಿಳಿದವರು ಜಾಗಕ್ಕೇ ಬಂದು ನೋಡಬೇಕು.

ಅಲ್ಲಿಯವರೆಗೆ ನಿಮ್ಮ ಕಣ್ಣೇ ಕೆಲಸಕ್ಕೆ ಬರುತ್ತದೆ. ಬರೆಯ ಮೇಲಂಚಿನಲ್ಲಿ ಉದ್ದಕ್ಕೆ ಬಿರುಕು ಬಿಟ್ಟಿದೆಯೇ, ಮರಗಳು ಹೊಸದಾಗಿ ವಾಲಿವೆಯೇ, ಬುಡದಲ್ಲಿ ತಿಳಿಯಾಗಿ ಬರುತ್ತಿದ್ದ ಒರತೆ ಕೆಂಪಗೆ ಕದಡಿದೆಯೇ, ಮನೆಯ ಬಾಗಿಲು ಇದ್ದಕ್ಕಿದ್ದಂತೆ ಬಿಗಿಯಾಗಿದೆಯೇ ನೋಡುತ್ತಿರಿ. ಬರೆಯ ಮೇಲೆ ಸ್ಪ್ರಿಂಕ್ಲರ್ ಪೈಪ್ ಒಡೆದು ನೀರು ಇಂಗುತ್ತಿದ್ದರೆ ಮೊದಲು ಅದನ್ನು ನಿಲ್ಲಿಸಿ, ಮೇಲಿನ ಮಳೆನೀರು ಬರೆಗೆ ಇಳಿಯದಂತೆ ಬದಿಗೆ ಚರಂಡಿ ತಿರುಗಿಸಿ. ಬಿರುಕು ಕಂಡರೆ ಪಂಚಾಯಿತಿಗೂ ತಾಲ್ಲೂಕು ಕಚೇರಿಗೂ ತಿಳಿಸಿ. ಮಳೆ ಬಿಡದೆ ಹೊಡೆಯುವ ರಾತ್ರಿಗಳಲ್ಲಿ ಬರೆ ಕಡೆಯ ಕೋಣೆಯಲ್ಲಿ ಯಾರನ್ನೂ ಮಲಗಿಸಬೇಡಿ. ಬಿರುಕು ಅಗಲವಾಗುತ್ತಿದ್ದರೆ ರಿಪೋರ್ಟಿಗೆ ಕಾಯದೆ ಮನೆಯನ್ನೇ ಬಿಟ್ಟು ನೆಂಟರ ಮನೆಗೆ ಹೋಗಿಬಿಡಿ.